ಉರಿಯುವ ಬೆರಳು

ರಾಮದಾಸಪೇಠದ ದವಾಖಾನೆಯಲ್ಲಿ ಸರದಿಗೆ ಕಾಯುತ್ತಿದ್ದ ಬೃಂದಾಳ ಕಿವಿಗೆ, ಸುತ್ತಲಿನ ಮರಾಠಿ ಮಾತುಗಳ ನಡುವೆ ಪಕ್ಕದ ಬೆಂಚಿನ ವಯಸ್ಸಾದ ದಂಪತಿಯ ಕನ್ನಡ ಬಿತ್ತು.

"ಸಿತಾರ್ ಕಲಿಯೋದು ಸಾಕು ಮಾಡು, ಲೀಲಾ. ಬೆರಳ ತುದಿ ಹೆಂಗ ಕೆಂಪಗಾಗ್ಯಾವ ನೋಡು."

"ಭಾಳ ಉರೀತಾವ್ರೀ."

"ಡಾಕ್ಟರ್ ಮುಲಾಮು ಕೊಡ್ತಾರ, ಹಚ್ಚಿಕೋ."

"ಬ್ಯಾಡ, ಉರೀಲಿ."

"ಉರೀಲಿ ಅಂದ್ರ?"

"ಸಕ್ಕರಿ ಬ್ಯಾನಿ ಬಂದಾಗಿಂದ ಕಾದ ಹಂಚು ಮುಟ್ಟಿದ್ರೂ ಈ ಬೆರಳಿಗೆ ಗೊತ್ತಾಗ್ತಿರಲಿಲ್ಲ. ಮರತ್ರೇನು?"

ಯಜಮಾನರು ತಬ್ಬಿಬ್ಬಾದರು.

"ಹಂಗಾದ್ರ ಡಾಕ್ಟರ್‌ಗೆ ಏನ್ ಹೇಳೋದು? ನೋವೈತಿ ಅಂತನೋ, ಆರಾಮ ಆಗೈತಿ ಅಂತನೋ?"

"ನನಗೂ ತಿಳೀವಲ್ದು."

ಮರುಗಬೇಕೋ ಖುಷಿಪಡಬೇಕೋ ಬೃಂದಾಳಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು. ಯಜಮಾನರು ಹೆಂಡತಿಯ ಕೈಹಿಡಿದು ಎಬ್ಬಿಸಿದರು.

"ಹಗೂರ ಹಿಡೀರಿ, ನೋಯ್ತಾವ," ಎಂದು ನಗುತ್ತಲೇ ಆಕೆ ಒಳಗೆ ನಡೆದರು.