ತಿರುವುಮುರುವಾದ ತೋಳು

ಮಂಡಿಯ ಎಕ್ಸ್‌ರೇ ಹಿಡಿದು ಆಸ್ಪತ್ರೆ ಬೆಂಚಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರಿಗೆ, ಆಪರೇಷನ್ ಕೋಣೆಯತ್ತಲೇ ಕಣ್ಣು ನೆಟ್ಟಿದ್ದ ತಾಯಿ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಬಾಗಿಲಿಗೆ ತಲೆ ಬಡಿದು ತಿಂಗಳಾಯ್ತು ಕಣೇ. ಗಾಯಾನೂ ಇರ್ಲಿಲ್ಲ, ನಿಮ್ಮಪ್ಪ ನಕ್ಕೊಂಡೇ ಓಡಾಡಿದ್ರು.”

“ರಕ್ತ ಒಳಗೇ ಜಿನುಗಿದೆಯಂತಮ್ಮ. ತಲೆಬುರುಡೆಗೂ ಮಿದುಳಿಗೂ ನಡುವೆ ದಿನಾ ಒಂದಿಷ್ಟು ತುಂಬ್ಕೊಂಡು ಮಿದುಳನ್ನ ಒತ್ತುತ್ತಾ ಬಂದಿದೆ.”

“ಮೂವತ್ತು ವರ್ಷ ಬಟ್ಟೆ ಹೊಲಿದ ಕೈ ಅದು. ಮೊನ್ನೆ ಷರ್ಟಿನ ಬಲತೋಳನ್ನ ಎಡಕ್ಕೆ ಕೂಡಿಸಿಬಿಡ್ತು.”

“ನನಗ್ಯಾಕೆ ಹೇಳ್ಲಿಲ್ಲ?”

“ಅರವತ್ತಕ್ಕೆ ಅರಳುಮರಳು ಅಂದ್ಕೊಂಡೆ. ಬಿಚ್ಚಿ ಹೊಲೀರಿ ಅಂತ ಗಿರಾಕಿ ಮುಂದೇನೇ ರೇಗಿದೆ. ಬಿಚ್ಚಿದ್ರು. ತಮ್ಮ ತೋಳಿಗೇ ಹಿಡಿದು ನೋಡ್ಕೊಂಡ್ರು. ಮತ್ತೆ ಹಾಗೇ ಹೊಲಿದ್ರು.”

“ನಿನಗೆ ಹೇಗಮ್ಮ ಗೊತ್ತಾಗ್ಬೇಕು?”

“ಹೆಂಡ್ತಿ ಕಣೇ ನಾನು. ಗೊತ್ತಾಗ್ಬೇಕಿತ್ತು.”

ಬಾಗಿಲು ತೆರೆದ ನರ್ಸ್, “ಟೈಲರ್ ಕಡೆಯವರು ಡಾಕ್ಟರ್ ಹತ್ತಿರ ಬನ್ನಿ,” ಎಂದಳು. ಮುಖ ಮಾತ್ರ ಎತ್ತಲಿಲ್ಲ.

ಮಗಳ ತೋಳು ಹಿಡಿದು ನಡೆಯುತ್ತಲೇ ತಾಯಿ ಅಂದಳು:

“ನಿಮ್ಮಪ್ಪ ಕೊನೇದಾಗಿ ಹೊಲಿದ ಆ ಷರ್ಟು ಮೆಷಿನ್ ಮೇಲೇ ಇದೆ. ಗಿರಾಕಿಗೆ ಬೇರೆ ಬಟ್ಟೆ ತಂದ್ಕೊಡೋಣ. ಅದನ್ನ ಮಾತ್ರ ಯಾರೂ ಬಿಚ್ಚೋದು ಬೇಡ.”