ವಾಚನಾಲಯದ ಹೆಸರಿನ ಪುಸ್ತಕ ಕೊಡದ ಬಗ್ಗೆ

ನನ್ನ ಹೆಸರು ತುರುಹಿರಾ ಪೊಹಾತು, ತಂದೆ ದಿವಂಗತ ಹೇನಾರೆ ಪೊಹಾತು, ವಯಸ್ಸು 61 ವರ್ಷ, ಉದ್ಯೋಗ ವೈಮಾರೊ ಊರಿನ ವಾಚನಾಲಯದ ಮೇಲ್ವಿಚಾರಕಿ, ವಾಸ ಬೀಚ್ ರಸ್ತೆ, ಮನೆ ನಂಬರ್ 9, ವೈಮಾರೊ, ನ್ಯೂಜಿಲೆಂಡ್. ಕಾನ್‌ಸ್ಟೇಬಲ್ ಫ್ರೇಜರ್ ಅವರ ಮುಂದೆ ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿ ಬರೆಸುವುದು ಏನೆಂದರೆ:

ನಮ್ಮ ವಾಚನಾಲಯದಲ್ಲಿ ನಾಲ್ಕು ಕಂಪ್ಯೂಟರ್‌ಗಳಿದ್ದು ಇಂಟರ್‌ನೆಟ್ ಉಚಿತವಾಗಿರುತ್ತದೆ. ಊರಿನಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಕಾರಣ ಪಿಂಚಣಿ ಅರ್ಜಿ, ಆಸ್ಪತ್ರೆಯ ಪತ್ರ, ಸಿಡ್ನಿಯಲ್ಲಿರುವ ಮಕ್ಕಳ ಮುಖ, ಎಲ್ಲವನ್ನೂ ಜನ ಈ ನಾಲ್ಕರಲ್ಲೇ ನೋಡಬೇಕು. ಯಾರು ಎಷ್ಟು ಹೊತ್ತಿಗೆ ಕುಳಿತರೆಂದು ಬರೆಯುವ ಒಂದು ಪುಸ್ತಕ ನನ್ನ ಮೇಜಿನ ಮೇಲಿರುತ್ತದೆ. ಕಳೆದ ವರ್ಷ ಬಂದ ಕಾನೂನಿನಂತೆ, ಹಾಡನ್ನೋ ಸಿನಿಮಾವನ್ನೋ ಕದ್ದು ಇಳಿಸಿಕೊಂಡರೆ ನೋಟಿಸು ಬರುವುದು ಇಳಿಸಿಕೊಂಡವರಿಗಲ್ಲ, ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರಿಗೆ. ನಮಗೆ ಈಗಾಗಲೇ ಎರಡು ಬಂದಿವೆ.

ದಿನಾಂಕ 14-08-2012, ಮಂಗಳವಾರ, ಬೆಳಿಗ್ಗೆ 10-40ಕ್ಕೆ ಡೆಸ್ಮಂಡ್ ಲೀಲ್ ಎಂಬವರು ಬಂದು ತಾವು ಆಕ್ಲೆಂಡಿನ ಒಂದು ಸಂಗೀತ ಕಂಪನಿಯ ಪರ ಬಂದಿರುವುದಾಗಿ ತಿಳಿಸಿದರು. ನಮ್ಮೂರಿನ ಗಾಯಕಿ ನೈರಿ ಮೋಕಾಳ ಹೊಸ ಹಾಡುಗಳನ್ನು ಜುಲೈನಲ್ಲಿ ಮೂರು ದಿನ ಇಲ್ಲಿಂದ ಕದ್ದು ಇಳಿಸಿಕೊಳ್ಳಲಾಗಿದೆಯೆಂದೂ, ಹೆಸರಿನ ಪುಸ್ತಕ ಬೇಕೆಂದೂ ಕೇಳಿದರು. ನ್ಯಾಯಾಲಯದ ಆದೇಶ ಇದೆಯೇ ಎಂದು ಕೇಳಿದೆ. ಇಲ್ಲವೆಂದರು. ಹಾಗಾದರೆ ಪುಸ್ತಕವೂ ಇಲ್ಲವೆಂದೆ.

"ಕಳ್ಳರನ್ನ ಬಚ್ಚಿಡ್ತಿದ್ದೀರಿ ಮೇಡಂ" ಎಂದರು.

"ಕದ್ದಿರೋರು ಒಬ್ರೋ ಇಬ್ರೋ. ಪುಸ್ತಕದಲ್ಲಿರೋರು ನೂರಾ ನಲವತ್ತು ಜನ. ಯಾವ ಹೊತ್ತಲ್ಲಿ ಏನು ನೋಡಿದ್ರು ಅನ್ನೋದು ಕಂಪ್ಯೂಟರಲ್ಲಿರುತ್ತೆ; ಆ ಹೊತ್ತಲ್ಲಿ ಯಾರು ಕೂತಿದ್ರು ಅಂತ ನಿಮಗೆ ಗೊತ್ತಾದ್ರೆ, ಯಾರು ಯಾವ ಕಾಯಿಲೆ ಬಗ್ಗೆ ಓದಿದ್ರು, ಗಂಡನ್ನ ಬಿಡೋಕೆ ಯಾರು ವಕೀಲರನ್ನ ಹುಡುಕಿದ್ರು, ಅದೂ ಗೊತ್ತಾಗುತ್ತೆ. ಅದೂ ಬೇಕಾ ನಿಮಗೆ?" ಎಂದೆ.

ಬರೀ ಫೋಟೊ ತೆಗೆಯುತ್ತೇನೆಂದು ಅವರು ಮೇಜಿನ ಮೇಲಿಂದ ಬಾಗಿ ಪುಸ್ತಕ ಹಿಡಿದರು. ನಾನು ಈ ಕಡೆಯಿಂದ ಎಳೆದುಕೊಂಡು, ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕುಳಿತೆ. ನನ್ನ ತೂಕ 104 ಕಿಲೊ. ನಾನು ಅವರನ್ನು ನೂಕಿದೆನೆಂಬ ದೂರು ಸುಳ್ಳು. ನಾನು ಎಳೆದಾಗ ಅವರ ಕೈ ಜಾರಿ ಮೊಣಕೈ ಮೇಜಿಗೆ ತಗುಲಿತು, ಅಷ್ಟೇ.

ಅಲ್ಲಿಂದ ಸುಮಾರು 45 ನಿಮಿಷ ನಾನು ಏಳಲಿಲ್ಲ, ಅವರು ಹೋಗಲಿಲ್ಲ. 11-05ಕ್ಕೆ ಫೋನ್ ಬಂದಾಗ ಲೀಲ್ ಅವರೇ ಎತ್ತಿ ನನ್ನ ಕೈಗೆ ಕೊಟ್ಟರು. ಥ್ಯಾಂಕ್ಸ್ ಹೇಳಿದೆ.

11-15ಕ್ಕೆ, ಎರಡು ಮೀಟರ್ ದೂರದಲ್ಲಿ ಪೇಪರ್ ಓದುತ್ತಿದ್ದ ಪಾರಾತೆನೆ ಮೋಕಾ, 78 ವರ್ಷ, ಎದ್ದು ಬಂದರು. ಅವರು ನೈರಿಯ ತಂದೆ. ಕಳುವಾದದ್ದು ಅವರ ಮಗಳ ಹಾಡು. ಅವರು ಪುಸ್ತಕ ಕೊಡು ಎಂದಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಈಗಲೂ ತಿಳಿಯದು.

ಅವರು ಲೀಲ್ ಅವರಿಗೆ ಹೇಳಿದ್ದು: "ನನ್ನ ಮಗಳು ಹಗಲೆಲ್ಲ ಹೋಟೆಲ್ ರೂಮು ಗುಡಿಸಿ ಸಂಜೆ ಹಾಡ್ತಾಳೆ. ಅವಳ ಹಾಡು ಕದ್ದಿದ್ದು ತಪ್ಪೇ. ಕದ್ದೋನು ಸಿಕ್ಕಿದ್ರೆ ನಾನೇ ಉಗಿತೀನಿ. ಆದ್ರೆ ಅವಳ ಹೆಸರು ಹೇಳ್ಕೊಂಡು ಊರೋರ ಹೆಸರೆಲ್ಲ ಹೊತ್ಕೊಂಡು ಹೋಗು ಅಂತ ನಿನಗೆ ಯಾರಪ್ಪ ಹೇಳಿದ್ದು? ಅವಳನ್ನ ಕೇಳಿದ್ಯಾ?"

ಪಾರಾತೆನೆ ನನ್ನ ಮೇಜಿನ ಫೋನಿನಿಂದ ಮಗಳಿಗೆ ಕರೆ ಮಾಡಿದರು. ಅವರಿಗೆ ಕಿವಿ ಮಂದವಾದ್ದರಿಂದ ಧ್ವನಿ ಜೋರಾಗಿಟ್ಟಿದ್ದು, ಎಲ್ಲರಿಗೂ ಕೇಳಿಸಿತು. ನೈರಿ ಅಂದದ್ದು: "ನನಗೆ ಸಿಟ್ಟಿದೆ ಅಪ್ಪಾ, ಸುಳ್ಳು ಹೇಳಲ್ಲ. ಕದ್ದೋರು ಸಿಗಲೇಬೇಕು. ಕೋರ್ಟಿಗೆ ಹೋಗ್ಲಿ, ನಾನೂ ಬರ್ತೀನಿ. ತುರು ಆಂಟಿ ಕೈಯಿಂದ ಕಿತ್ಕೊಳ್ಳೋದು ಮಾತ್ರ ಬೇಡ."

11-32ಕ್ಕೆ ಲೀಲ್ ಅವರು ಹೊರಟು, 600 ಮೀಟರ್ ದೂರದ ಈ ಠಾಣೆಗೆ ಬಂದು ದೂರು ಕೊಟ್ಟಿದ್ದಾರೆ.

ನಾನು ಕಳವಿನ ಪರ ಇರುವವಳಲ್ಲ. ನ್ಯಾಯಾಧೀಶರು ಕೇಳಿದರೆ, ಕೇಳಿದ ಪುಟಗಳನ್ನು ನಾನೇ ತೆಗೆದು ಕೊಡುತ್ತೇನೆ. ಅಲ್ಲಿಯವರೆಗೆ ಯಾರು ಬಂದರೂ ಹೀಗೆಯೇ ಕುಳಿತುಕೊಳ್ಳುತ್ತೇನೆ. ಈಗಲೇ ಪುಸ್ತಕ ಕೊಟ್ಟರೆ ವಿಷಯ ಇಲ್ಲಿಗೇ ಮುಗಿದು ಊಟಕ್ಕೆ ಮನೆಗೆ ಹೋಗಬಹುದೆಂದು ಕಾನ್‌ಸ್ಟೇಬಲ್ ಅವರು ತಿಳಿಸಿದರು. ಬೆಳಿಗ್ಗೆ ಕರಿದ ರೊಟ್ಟಿ ಚೆನ್ನಾಗಿ ತಿಂದಿದ್ದೇನೆ, ಅವಸರವಿಲ್ಲ ಎಂದು ತಿಳಿಸಿದೆ.

ಆ ಹೊತ್ತಿನಲ್ಲಿ ವಾಚನಾಲಯದಲ್ಲಿದ್ದ ಉಳಿದ ಆರು ಜನರ ಹೆಸರು ಹೇಳುವಂತೆ ಕೇಳಿದರು. ಅವು ನಾನು ಕೊಡಬೇಕಾದ ಹೆಸರುಗಳಲ್ಲ ಎಂದೆ. ಅದಕ್ಕೆ ಅವರು ಪೆನ್ನು ಕೆಳಗಿಟ್ಟು, ಎದ್ದು ಬಾಗಿಲು ತೆರೆದು ತೋರಿಸಿದರು. ಹೊರಗಿನ ಬೆಂಚಿನ ಹತ್ತಿರ ಪಾರಾತೆನೆ ಮೊದಲಾಗಿ ಏಳೂ ಜನ ಬಂದಿದ್ದಾರೆ. ಜಾಗ ಸಾಲದೆ ಇಬ್ಬರು ನಿಂತಿದ್ದಾರೆ. ತಮ್ಮ ತಮ್ಮ ಹೆಸರನ್ನು ತಾವೇ ಬರೆಸಲು ಬಂದಿದ್ದಾರಂತೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಗಿದೆ. ಒಂದು ಕಡೆ ಹೊತ್ತು ತಪ್ಪಿದ್ದನ್ನು ತಿದ್ದಿಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದ್ದು, ನಿಜವಾಗಿದೆ.

ಸ್ಥಳ: ವೈಮಾರೊ ಠಾಣೆ
ದಿನಾಂಕ: 14-08-2012, ಮಧ್ಯಾಹ್ನ 1-20
ಸಹಿ: ತುರುಹಿರಾ ಪೊಹಾತು