ಅಂದಪ್ಪನ ಜಾಗಾ

ಬೆಟಗೇರಿಯೊಳಗ ನಮ್ಮ ಬಾಜೂ ಮನಿ ಮುಮ್ತಾಜಗ ಆದದ್ದಿದು, ಎಂಬತ್ತೈದನೇ ಇಸ್ವಿಯೊಳಗ. ದೀಪ ಸಣ್ಣ ಮಾಡ್ರಿ...

ಮಿಲ್ಲಿನ ಎರಡನೇ ಪಾಳಿ ಬಿಟ್ಟಿತ್ತು. ಆಲದ ಮರದ ಬಾಂವಿ ಹತ್ತರ ಮುಮ್ತಾಜ ಒಬ್ಬಾಕಿನ ಬಂದಳು. ಗಾಳಿಲ್ಲ. ಖೊಸ್... ಖೊಸ್... ಕೆಮ್ಮು. ಹತ್ತಿ ಧೂಳು ಕುಡದ ಎದಿಯ ಒಣಾ ಕೆಮ್ಮು. ಬಾಂವಿ ಕಟ್ಟಿ ಮ್ಯಾಲ ಒಬ್ಬಾಂವ ಬೆನ್ನು ಮಾಡಿ ಕುಂತಿದ್ದ.

"ಮುಮ್ತಾಜ..."

ದನಿ ಗುರುತು ಸಿಕ್ತು. ಮಿಲ್ಲಿನ್ಯಾಗ ನೂಲು ತಗಿಯೋ ಖಾತೆಯ ಅಂದಪ್ಪ. ದೀಪಾವಳಿಗಿಂತ ಮುಂಚೆ ಸತ್ತಾಂವ.

"ನನ್ನ ಜಾಗಾ ಎಲ್ಲಿಟ್ಟಿ, ತಂಗಿ? ನಾಳೆ ನನ್ನ ಹೇಣ್ತಿ ಉಡಚವ್ವ ಕೆಲಸಕ್ಕ ಬರತಾಳ..."

ಮುಮ್ತಾಜ ಒಂದು ಹೆಜ್ಜಿ ಹಿಂದ ಸರದಳು. "ಒಲಿಗೆ ಹೋತು, ಅಣ್ಣಾ."

ಮತ್ತ ನೋಡತಾಳ, ಕಟ್ಟಿ ಮ್ಯಾಲ ಯಾರೂ ಇಲ್ಲ.

ಏನು ಒಲಿಗೆ ಹೋತು ಅಂತೀರಿ? ಕೇಳ್ರಿ. ಆಕಿ ಮಿಲ್ಲಿನ್ಯಾಗ ಕಾರ್ಡಿಗೆ ತೂತು ಹೊಡಿಯಾಕಿ. ಒಬ್ಬ ಕೆಲಸಗಾರಗ ಒಂದು ಕಾರ್ಡು, ಹೆಸರು ನಂಬರು ಎಲ್ಲಾ ತೂತಿನ್ಯಾಗ. ಖೋಲಿ ತುಂಬ ಕುಂತ ಹಳೇ ಮಷೀನು ಅದನ್ನ ಓದತಿತ್ತು. ಯಾರರೆ ಸತ್ರ ಅವರ ಜಾಗಾದಾಗ ತೂತಿಲ್ಲದ ಕಾರ್ಡು ಇಡೋದು ರೂಢಿ. ಹೆಂಡತಿನೋ ಮಗನೋ ಬರೂತನಕ ಆ ನಂಬರು ಬ್ಯಾರೆ ಮಂದಿಗೆ ಹೋಗಬಾರದು.

ಟೀವಿಯಷ್ಟ ಸಣ್ಣದೊಂದು ಹೊಸಾ ಮಷೀನು ಬಂತು. ಹೆಸರೆಲ್ಲಾ ಹಳೇದರಿಂದ ಇದಕ್ಕ ದಾಟಸೂದಿತ್ತು. ಬೆಂಗಳೂರಿಂದ ಬಂದ ಸಾಹೇಬ, "ಖಾಲಿ ಕಾರ್ಡ್ ಯಾಕೆ? ತೆಗೆದುಹಾಕಿ" ಅಂದ.

"ಅವು ಸತ್ತವ್ರ ಜಾಗಾರೀ, ಸಾಹೇಬ್ರ."

"ಸತ್ತೋರು ಡ್ಯೂಟಿಗೆ ಬರ್ತಾರೇನಮ್ಮ?"

ಎಲ್ಲಾರೂ ನಕ್ಕರು. ಮುಮ್ತಾಜ ಖಾಲಿ ಕಾರ್ಡೆಲ್ಲಾ ತಗದಳು. ಕಾರ್ಡು ಚಾದ ಒಲಿ ಕಂಡವು.

ಬಾಂವಿ ಹತ್ತರ ಅಂದಪ್ಪ ಕಂಡ ಮರುದಿನ ಉಡಚವ್ವ ಹೊಸಾ ಸೀರಿ ಉಟಗೊಂಡು, ಬುತ್ತಿ ಕಟಗೊಂಡು ಗೇಟಿಗೆ ಬಂದಳು. ಕಾವಲುಗಾರ ಅಂದ, "ಆ ನಂಬರು ಈಗ ಹನಮಪ್ಪಂದು ಐತೆವ್ವಾ." ನಡಕ ಖಾಲಿ ಕಾರ್ಡು ಇಲ್ಲದ್ದಕ್ಕ ಹೊಸಾ ಮಷೀನು ಸಾಲು ಕೂಡಿಸಿ, ಅಂದಪ್ಪನ ನಂಬರು ಅವನ ಹಿಂದಿನಾಂವ ಹನಮಪ್ಪಗ ಕೊಟ್ಟುಬಿಟ್ಟಿತ್ತು. ಮುಮ್ತಾಜ ಸಾಹೇಬನ ಮುಂದ ಅತ್ತು ಗೋಗರೆದಳು.

"ಸಾಲು ಸೇರಿಸಿದ್ದಾಯ್ತಲ್ಲ, ಈಗ ಒಡೆಯೋಕಾಗಲ್ಲ."

ಉಡಚವ್ವ ಬೈಲಿಲ್ಲ. "ಇರ್ಲಿ ಬಿಡ ತಂಗಿ, ನೀ ಅಳಬ್ಯಾಡ" ಅಂದಳು. ಬುತ್ತಿ ಬಿಚ್ಚಲಿಲ್ಲ. ಎರಡು ಕೂಸು ಕರಕೊಂಡು ಬೆಳ್ಳಟ್ಟಿ ಬಸ್ಸು ಹತ್ತಿದಳು, ತವರಿಗೆ.

ವಾರದ ಸೂಟಿ ಮುಗದು ಹನಮಪ್ಪ ನೂಲು ತಗಿಯೋ ಸಾಂಚಾದ ಮುಂದ, ಅಂದಪ್ಪನ ಜಾಗಾದಾಗ ನಿಂತ. ಸೂಟಿಗೆ ಮೊದಲ ಹರದು ಹಂಗ ಬಿಟ್ಟು ಹೋಗಿದ್ದ ನೂಲಿನ ಎಳಿಯೆಲ್ಲಾ ಗಂಟು ಹಾಕಿ ಕೂಡಿಸಿದ್ದವು. ಸೂಟಿ ಪೂರಾ ಖಾತೆಗೆ ಕೀಲಿ ಹಾಕಿತ್ತು. ಒಂದೊಂದು ಗಂಟೂ ಎಡಗೈಲೆ ಹಾಕಿದ್ದು. ಆ ಖಾತೆಯೊಳಗ ಎಡಚ ಅಂದ್ರ ಅಂದಪ್ಪ ಒಬ್ಬನ ಇದ್ದ.

ಮುಮ್ತಾಜ ಆ ಗಂಟು ಮುಟ್ಟಿ ನೋಡ್ಯಾಳ. ಖರೆ ಅದ. ಆಕಿ ಇನ್ನೂ ಅದಾಳ, ಹೋಗಿ ಕೇಳ್ರಿ.